ಚಪ್ಪರದ ಮಾವ

ಚಪ್ಪರದ ಮಾವ ಯಾರಿಗೆ ಮಾವ ಎಂದು ಕೇಳಿದರೆ ನಮ್ಮ ಕಡೆ ಯಾರೂ ನೆಟ್ಟಗೆ ಉತ್ತರ ಹೇಳಲಾರರು. ತೀರ್ಥಹಳ್ಳಿಗೂ ಕೊಪ್ಪಕ್ಕೂ ನಡುವಿನ ಸೀಮೆಯಲ್ಲಿ ಸ್ವಲ್ಪ ಜಗ್ಗಿ ಎಳೆದರೆ ಎಲ್ಲರೂ ಎಲ್ಲರಿಗೂ ನೆಂಟರೇ. ಯಾರದೋ ಅತ್ತೆಯ ಗಂಡನಾಗಿಯೋ ಇನ್ಯಾರದೋ ತಾಯಿಯ ತಮ್ಮನಾಗಿಯೋ ಶುರುವಾದ ಅವರ ಮಾವತನ ಹಬ್ಬಿ ಹಬ್ಬಿ, ಈಗ ಅವರಿಗೆ ಹೆಣ್ಣು ಕೊಟ್ಟ ಮಾವನವರೂ ಅವರನ್ನು ಮಾವ ಎಂದೇ ಕೂಗುತ್ತಾರೆ. ಯುಗಾದಿ ಕಳೆಯಿತೆಂದರೆ ಅವರು ಸ್ವಂತ ಮನೆಯಲ್ಲಿ ಸಿಗುವುದಿಲ್ಲ. ಯಾರ ಮನೆಯಲ್ಲಿ ಮದುವೆಯೋ ಆ ಮನೆಯ ಅಂಗಳದಲ್ಲಿ ಪಂಚೆ ಎತ್ತಿ ಕಟ್ಟಿ, ಮೇಲೆ ನೋಡುತ್ತ ನಿಂತಿರುತ್ತಾರೆ. ಮೇಲೆ ಆಕಾಶ ಇದ್ದರೆ ಅದು ಸರಿಯಿಲ್ಲ, ಚಪ್ಪರ ಇದ್ದರೆ ಅದೂ ಸರಿಯಿಲ್ಲ.

ಇಂಥವರು ಎಲ್ಲ ಊರಲ್ಲೂ ಒಬ್ಬೊಬ್ಬರಿದ್ದಾರೆ. ಅವರನ್ನು ಯಾರೂ ಕರೆದು ನೇಮಿಸಿರುವುದಿಲ್ಲ. ಬೇಡ ಎನ್ನುವ ಧೈರ್ಯವೂ ಯಾರಿಗೂ ಇರುವುದಿಲ್ಲ. ಮದುವೆ ನಿಶ್ಚಯವಾದ ಸುದ್ದಿ ಹರಡಿದಾಗ ಹುಡುಗ ಯಾರು, ಎಂತ ಕೆಲಸ, ಜಾತಕ ಕೂಡಿತಾ ಎಂದು ಊರೆಲ್ಲ ವಿಚಾರಿಸಿದರೆ ಮಾವ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಎಲೆ?"

ಹೆಗಲ ಮೇಲೆ ಟವೆಲ್, ಅಂಗಿಯ ಜೇಬಲ್ಲಿ ನಾಲ್ಕಾಗಿ ಮಡಚಿದ ಪಟ್ಟಿ, ಕಿವಿಯ ಸಂದಿಯಲ್ಲಿ ಪೆನ್ನು, ಸೊಂಟದಲ್ಲಿ ಉಗ್ರಾಣದ ಬೀಗದಕೈ. ಈ ಬೀಗದಕೈ ಮುಖ್ಯ. ದೊಡ್ಡ ಮದುವೆಯಲ್ಲಿ ಮದುಮಗ ಯಾರೆಂಬುದು ಉಂಡು ಹೊರಟವರಿಗೂ ಕೆಲವೊಮ್ಮೆ ಗೊತ್ತಿರುವುದಿಲ್ಲ. ಉಗ್ರಾಣದ ಬೀಗದಕೈ ಯಾರ ಬಳಿ ಇದೆ ಎಂಬುದು ಮಾತ್ರ ಬಂದ ಐದು ನಿಮಿಷದಲ್ಲಿ ಆ ಮನೆಯ ನಾಯಿಗೂ ಗೊತ್ತಾಗಿರುತ್ತದೆ. ಅಡುಗೆ ಭಟ್ಟರು ಎರಡು ಕೆ.ಜಿ. ಗೋಡಂಬಿ ಕೇಳುತ್ತಾರೆ, ಮಾವ ಒಂದೂವರೆ ತೂಗಿ ಕೊಡುತ್ತಾರೆ. ಭಟ್ಟರಿಗೆ ಬೇಕಿದ್ದುದೂ ಒಂದೂವರೆಯೇ. ಮಾವ ಕತ್ತರಿ ಹಾಕುತ್ತಾರೆಂದು ತಿಳಿದೇ ಎರಡು ಕೇಳಿದ್ದು. ಅದು ಮಾವನಿಗೂ ಗೊತ್ತು. ಇಷ್ಟಾಗಿ ಇಬ್ಬರೂ ಪ್ರತಿ ಮದುವೆಯಲ್ಲೂ ಹತ್ತು ನಿಮಿಷ ಇದಕ್ಕಾಗಿ ಜಗಳವಾಡುತ್ತಾರೆ. ಆ ಜಗಳ ಆಗದಿದ್ದರೆ ಮದುವೆಯಲ್ಲಿ ಏನೋ ಐಬಿದೆ ಎಂದೇ ಹಳಬರು ಅನುಮಾನಪಡುತ್ತಾರೆ.

ಇದೇ ಮನುಷ್ಯ ತಮ್ಮ ಮನೆಯಲ್ಲಿ ಉಪ್ಪಿನ ಭರಣಿ ಎಲ್ಲಿದೆ ಎಂದು ಹೇಳಲಾರರು. ಅಲ್ಲಿ ಅವರು ಜಗಲಿಯ ಮೇಲೆ ಕೂತು "ನೀರು" ಅಂದರೆ ನೀರು ಬರಬೇಕು. ಅವರ ಮಗಳ ಮದುವೆಯಲ್ಲಿ ಇದರಿಂದ ದೊಡ್ಡ ಫಜೀತಿಯೇ ಆಯಿತು. ಹೆಣ್ಣಿನ ತಂದೆ ಮಣೆಯ ಮೇಲೆ ಕೂರಬೇಕಾದ್ದರಿಂದ ಉಸ್ತುವಾರಿ ಬೇರೆಯವರ ಪಾಲಾಗಿತ್ತು. ಧಾರೆ ಎರೆಯುವ ಹೊತ್ತು. ಪುರೋಹಿತರು ಮಂತ್ರ ಹೇಳಿಸುತ್ತಿದ್ದಾರೆ, ಅತ್ತೆ ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತ ಕಲಶ ಹಿಡಿದಿದ್ದಾರೆ, ಮಾವನ ಕಣ್ಣು ಅಂತರಪಟದ ಆಚೆ ಊಟದ ಚಪ್ಪರದ ಮೇಲೆ. ಗೋತ್ರ ಪ್ರವರ ಹೇಳಬೇಕಾದ ಕಡೆ ಅವರ ಬಾಯಿಂದ ಬಂದ ಮಾತು: "ಏಯ್, ಎಲೆ ತುದಿ ಎಡಕ್ಕೆ ಇಡ್ರೋ!" ಪುರೋಹಿತರು ಅಭ್ಯಾಸಬಲದಿಂದ ಅದಕ್ಕೂ ಒಂದು ಅಕ್ಷತೆ ಹಾಕಿಸಿದರಂತೆ.

ನಮ್ಮ ಕಡೆ ಮದುವೆಗಳೆಲ್ಲ ಬೇಸಿಗೆಗೇ ಬೀಳುವುದಕ್ಕೆ ಪಂಚಾಂಗಕ್ಕಿಂತ ಅಡಿಕೆ ದೊಡ್ಡ ಕಾರಣ. ದೀಪಾವಳಿಯ ಆಸುಪಾಸಿಗೆ ಕೊಯ್ಲು ಶುರುವಾದಾಗ ಅಂಗಳದಲ್ಲಿ ಕಂಬ ನೆಟ್ಟು, ಅಡಿಕೆ ಮರದ ದಬ್ಬೆ ಹಾಸಿ ಚಪ್ಪರ ಕಟ್ಟುತ್ತಾರೆ. ಸುಲಿದು ಬೇಯಿಸಿದ ಅಡಿಕೆ ಅದರ ಮೇಲೆ ಒಣಗುತ್ತದೆ. ಮಾರ್ಚ್ ಹೊತ್ತಿಗೆ ಅಡಿಕೆ ಮಂಡಿ ಸೇರಿ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ, ಕೆಲಸದವರಿಗೂ ಪುರುಸೊತ್ತು, ಮಕ್ಕಳಿಗೆ ರಜೆ, ಚಪ್ಪರ ಹೇಗೂ ನಿಂತೇ ಇದೆ. ಮೇಲೆ ಒಂದಿಷ್ಟು ಸೋಗೆ ಹೊದಿಸಿದರೆ ಅದೇ ಮದುವೆ ಚಪ್ಪರ. ಜೂನ್‌ನಲ್ಲಿ ಮಳೆ ಹಿಡಿಯುವುದರೊಳಗೆ ಅದನ್ನು ಬಿಚ್ಚಿ ಒಳಗಿಡಲೇಬೇಕು. ಅಷ್ಟರೊಳಗೆ ಮದುವೆಯಾಗದಿದ್ದವರು ಮುಂದಿನ ಅಡಿಕೆ ಬರುವ ತನಕ ಕಾಯಬೇಕು, ಇಲ್ಲವೇ ಪೇಟೆಯ ಕಲ್ಯಾಣಮಂಟಪಕ್ಕೆ ಹೋಗಬೇಕು. ಕಲ್ಯಾಣಮಂಟಪ ಎಂದರೆ ಮಾವನಿಗೆ ಆಗದು. ಅಲ್ಲಿ ಉಗ್ರಾಣದ ಬೀಗ ಮ್ಯಾನೇಜರ್ ಹತ್ತಿರ ಇರುತ್ತದೆ.

ಹೀಗಿರುವಾಗ ದೊಡ್ಡಮನೆಯ ಮೊಮ್ಮಗಳು ಬೆಂಗಳೂರಿಂದ ಫೋನ್ ಮಾಡಿದಳು. ಹುಡುಗನೂ ಅವಳೂ ಸಾಫ್ಟ್‌ವೇರ್‌ನವರು. ಮಂಟಪ, ಸ್ಟೇಜು, ಆರತಕ್ಷತೆಯ ಕ್ಯೂ, ಸಾವಿರ ಜನರ ಜೊತೆ ಫೋಟೋ ಇವೆಲ್ಲ ಬೇಡವೆಂದು ಇಬ್ಬರೂ ತೀರ್ಮಾನಿಸಿದ್ದರು. ಅದರಲ್ಲಿ ತಪ್ಪೇನೂ ಇಲ್ಲ. ಆರತಕ್ಷತೆಯ ಕ್ಯೂನಲ್ಲಿ ಉಡುಗೊರೆಯ ಪೊಟ್ಟಣ ಹಿಡಿದು ನಿಂತ ಯಾರಾದರೂ ಅದನ್ನು ಒಪ್ಪುತ್ತಾರೆ.

"ಮಾವ, ನಮ್ಗೆ ಗಡಿಬಿಡಿ ಎಂತದೂ ಬೇಡ. ಅಜ್ಜನ ಮನೇಲಿ, ಆರಾಮಾಗಿ ಎರಡು ದಿನ. ಶನಿವಾರ, ಭಾನುವಾರ. ಹತ್ತಿರದವರು ಮಾತ್ರ."

"ಅಷ್ಟೇ ಅಲ್ವಾ ಮಗಾ? ನೀವು ಆರಾಮಾಗಿ ಬನ್ನಿ. ಉಳಿದಿದ್ದು ನಾನಿದ್ದೀನಿ," ಎಂದರು ಮಾವ. ಫೋನಿಟ್ಟು ನೇರ ದೊಡ್ಡಮನೆಗೆ ಹೋಗಿ ಅಂಗಳವನ್ನು ಹೆಜ್ಜೆ ಹಾಕಿ ಅಳೆಯತೊಡಗಿದರು. ಅಜ್ಜ ಜಗಲಿಯಿಂದ "ಎಂತ ಮಾರಾಯ?" ಅಂದರೆ, "ಆರಾಮದ ಮದುವೆಯಂತೆ. ಕೆಲಸ ಜಾಸ್ತಿ ಇರ್ತದೆ," ಎಂದರು.

ಒಂದು ವಾರದಲ್ಲಿ ಬೆಂಗಳೂರಿಂದ ಎಕ್ಸೆಲ್ ಶೀಟ್ ಬಂತು. ಪೇಟೆಯ ಸೈಬರ್ ಅಂಗಡಿಯಲ್ಲಿ ಅದನ್ನು ಮುದ್ರಿಸಿ ತಂದಾಗ ಮಾವನಿಗೆ ಆಶ್ಚರ್ಯವಾಯಿತು. ಸುಮ್ಮನಿರುವುದಕ್ಕೂ ವೇಳಾಪಟ್ಟಿ ಇತ್ತು. ಶನಿವಾರ 10ರಿಂದ 12: ತೋಟದಲ್ಲಿ ಸುಮ್ಮನೆ ಅಡ್ಡಾಟ. 2ರಿಂದ 3: ನಿದ್ದೆ. 4ರಿಂದ 5: ಹಳ್ಳದಲ್ಲಿ ಕಾಲು ಇಳಿಬಿಟ್ಟು ಕೂರುವುದು. ಮಾವ ಪೆನ್ನು ತೆಗೆದು ಹಳ್ಳದ ಎದುರು ಬರೆದರು: "ಮೇ ತಿಂಗಳಲ್ಲಿ ನೀರಿಲ್ಲ. ಕಾಲು ಕಲ್ಲಿನ ಮೇಲೆ ಇಟ್ಟುಕೊಳ್ಳಬಹುದು." ಭಾನುವಾರ ಬೆಳಿಗ್ಗೆ 11ಕ್ಕೆ ಬ್ರಂಚ್ ಎಂದಿತ್ತು. ವಿಚಾರಿಸಿ ತಿಳಿದುಕೊಂಡು ಅದನ್ನು ಹೊಡೆದುಹಾಕಿ "7:30ಕ್ಕೆ ತಿಂಡಿ, 11ಕ್ಕೆ ಪಾನಕ, 1ಕ್ಕೆ ಮೊದಲ ಪಂಕ್ತಿ" ಎಂದು ತಿದ್ದಿದರು. ಬಫೆ ಎಂಬಲ್ಲಿ ಏನೂ ಬರೆಯಲಿಲ್ಲ. ಪೆನ್ನಿನ ಮೊನೆ ಒತ್ತಿದ ಜಾಗದಲ್ಲಿ ಕಾಗದ ತೂತಾಗಿತ್ತು.

ಮುಹೂರ್ತದ ಮಾತು ಬಂದಾಗ ಪುರೋಹಿತರು ತಲೆ ಕೆರೆದುಕೊಂಡರು. "ತಿಥಿ, ವಾರ, ನಕ್ಷತ್ರ, ಯೋಗ, ಕರಣ ಅಂತ ಪಂಚಾಂಗಕ್ಕೆ ಐದೇ ಅಂಗ. ರಜೆ ಅನ್ನೋ ಆರನೇದು ನಮ್ಮ ಕಾಲಕ್ಕೆ ಸೇರಿಕೊಂಡಿದೆ," ಎಂದು ಗೊಣಗಿ, ಹಾಳೆ ತಿರುವಿ ತಿರುವಿ, ಕೊನೆಗೊಂದು ಭಾನುವಾರ ಮಧ್ಯಾಹ್ನದ ಅಭಿಜಿನ್ ಲಗ್ನ ಹಿಡಿದುಕೊಟ್ಟರು. ಪುರೋಹಿತರ ಈ ಗುಣ ನನಗೆ ಇಷ್ಟ. ಮೊದಲು ಆಗುವುದಿಲ್ಲ ಎನ್ನುತ್ತಾರೆ, ಆಮೇಲೆ ಆಗುವ ದಾರಿಯನ್ನು ಅವರೇ ತೋರಿಸುತ್ತಾರೆ.

ಹುಡುಗನಿಗೆ ಮೊದಲು ಇದ್ದದ್ದು ಮಂತ್ರಮಾಂಗಲ್ಯದ ಯೋಚನೆ. ಕುಪ್ಪಳಿ ಅಲ್ಲಿಂದ ದೂರವೇನಲ್ಲ. ಕುವೆಂಪು ತಾವೇ ರೂಪಿಸಿದ ಆ ಸರಳ ವಿಧಾನದಲ್ಲಿ 1966ರಲ್ಲಿ ಮಗ ತೇಜಸ್ವಿಯ ಮದುವೆ ಮಾಡಿಸಿದ್ದನ್ನು ಅವನು ಓದಿಕೊಂಡಿದ್ದ. ಹುಡುಗಿಯ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿದ್ದರಿಂದ ಆ ಮಾತು ಅಲ್ಲಿಗೇ ನಿಂತಿತು. ಮಾವನಿಂದ ಮಾತ್ರ ಯಾವ ವಿರೋಧವೂ ಬರಲಿಲ್ಲ. "ಮಂತ್ರ ಯಾವುದಾದ್ರೂ ಹೇಳ್ಕೊಳ್ಳಿ, ಅದು ಹೇಗೂ ಮುಗೀತದೆ. ಮುಗಿದ ಮೇಲೆ ಊಟ ಎಷ್ಟು ಜನಕ್ಕೆ, ಅದು ಹೇಳಿ," ಎಂದರು. ಮಂತ್ರಮಾಂಗಲ್ಯದ ಮದುವೆಗಳಲ್ಲೂ ಉಗ್ರಾಣ ನೋಡಿಕೊಂಡವರು ಅವರು. ದೇವರಿದ್ದಾನೋ ಇಲ್ಲವೋ ಎಂಬುದರಲ್ಲಿ ತಟಸ್ಥರು. ಸಾರಿಗೆ ಇಂಗು ಬಿದ್ದಿದೆಯೋ ಇಲ್ಲವೋ ಎಂಬುದರಲ್ಲಿ ಮಾತ್ರ ಯಾವ ರಾಜಿಯೂ ಇಲ್ಲ.

ಎಷ್ಟು ಜನ ಎಂಬಲ್ಲಿ ನಿಜವಾದ ಯುದ್ಧ ನಡೆಯಿತು. ಜೋಡಿಯ ಪಟ್ಟಿಯಲ್ಲಿ ಇದ್ದದ್ದು 80 ಹೆಸರು. ಮಾವ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಲೈನ್‌ಮನ್ ಎಲ್ಲಿ?" ಅಂದರು.

"ಲೈನ್‌ಮನ್ ಯಾಕೆ ಮಾವ?"

"ಮೇ ತಿಂಗಳಲ್ಲಿ ಸಂಜೆ ಗಾಳಿ ಎದ್ದು ಅಕೇಶಿಯಾ ಕೊಂಬೆ ತಂತಿ ಮೇಲೆ ಬೀಳ್ತದೆ. ಆಗ ಅವನನ್ನ ಹುಡ್ಕೊಂಡು ಹೋಗೋದಕ್ಕಿಂತ ಅವ ನಮ್ಮ ಪಂಕ್ತೀಲೇ ಕೂತಿದ್ರೆ ಒಳ್ಳೇದಲ್ವಾ?"

ಇದಕ್ಕೆ ಎದುರು ಹೇಳಲು ಎಕ್ಸೆಲ್ ಶೀಟ್‌ನಲ್ಲಿ ಏನೂ ಇರಲಿಲ್ಲ. ಲೈನ್‌ಮನ್ ಸೇರಿದ. ಅವನ ಬೆನ್ನಿಗೆ ಹಾಲು ಹಾಕುವವರು, ಕೊನೆ ತೆಗೆಯುವವರು, ಅಜ್ಜನಿಗೆ ಇಂಜೆಕ್ಷನ್ ಕೊಡುವ ಕಂಪೌಂಡರ್, ಪಾತ್ರೆ ಎರವಲು ಕೊಡುವ ಐದು ಮನೆಗಳು, ಆ ಐದು ಮನೆಗೆ ಹೇಳಿ ಬಿಟ್ಟರೆ ಮುನಿಸಿಕೊಳ್ಳುವ ಪಕ್ಕದ ಹದಿನೈದು ಮನೆಗಳು ಸೇರಿದವು. ವಾಟ್ಸಾಪ್‌ನಲ್ಲಿ ಹರಿದಾಡಿದ ಚೆಂದದ ವಿಡಿಯೋ ಕರೆಯೋಲೆಯನ್ನು ಮಾವ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಕ್ಷತೆ ಕೊಟ್ಟು ಬಾಯಿಬಿಟ್ಟು ಹೇಳದಿದ್ದರೆ ಅದು ಕರೆದ ಹಾಗಲ್ಲ. ಹೇಳುವುದರಲ್ಲೂ ದರ್ಜೆಗಳಿವೆ. "ಮನೆಗೊಬ್ಬರು ಬಂದು ಹೋಗಿ" ಎನ್ನುವುದು ಒಂದು. "ಮನೆಮಂದಿಯೆಲ್ಲ ಬರಬೇಕು" ಎನ್ನುವುದು ಇನ್ನೊಂದು. "ಹಿಂದಿನ ದಿನವೇ ಬಂದುಬಿಡಿ" ಎಂದರೆ ಕೆಲಸಕ್ಕೆ ಬನ್ನಿ ಎಂದು, ಹಾಗೆ ಕರೆಸಿಕೊಂಡವರಿಗೆ ಅದೇ ದೊಡ್ಡ ಮರ್ಯಾದೆ.

ಬರುವವರೆಷ್ಟು ಎಂದು ಅಂದಾಜು ಕಟ್ಟುವುದರಲ್ಲಿ ಮಾವನನ್ನು ಮೀರಿಸಿದವರಿಲ್ಲ. ಬೆಂಗಳೂರಿನವರು ಬರುತ್ತೀರೋ ಇಲ್ಲವೋ ಎಂದು ಫಾರಂ ತುಂಬಿಸಿಕೊಳ್ಳುತ್ತಿದ್ದರೆ ಮಾವ ಮುಖ ನೋಡಿ ಬರೆದುಕೊಳ್ಳುತ್ತಿದ್ದರು. "ಖಂಡಿತ ಬರ್ತೀವಿ, ಬರದೆ ಇರ್ತೀವಾ" ಎಂದವರಿಗೆ ಅರ್ಧ ಎಲೆ. "ನೋಡುವ, ಪುರುಸೊತ್ತಾದ್ರೆ" ಎಂದವರಿಗೆ ಎರಡು. "ಯಾರು ಅಡುಗೆ?" ಎಂದು ಕೇಳಿದವರಿಗೆ ಐದು. ಕೂಡಿದಾಗ 600 ಬಂತು.

"ಅಯ್ಯೋ ಮಾವ, ನಾವು ಹೇಳಿದ್ದು ಎಂಬತ್ತು!" ಎಂದು ಹುಡುಗಿ ಕಿರುಚಿದಳು.

"ಆ ಎಂಬತ್ತು ನಿಮ್ದು, ಮಗಾ. ಅವರನ್ನ ನೀವು ನೋಡ್ಕೊಳ್ಳಿ. ಉಳಿದವರು ನಿಮ್ಮ ಕಣ್ಣಿಗೆ ಬೀಳದ ಹಾಗೆ ಉಂಡು ಹೋಗ್ತಾರೆ."

ಕರೆಯೋಲೆಯ ಕೆಳಗೆ ಉಡುಗೊರೆ ಬೇಡ ಎಂದಿದ್ದದ್ದು ಮಾವನಿಗೆ ಎಲ್ಲಕ್ಕಿಂತ ಹೆಚ್ಚು ನೋವು ತಂದಿತು. ಅವರ ಟ್ರಂಕಿನಲ್ಲಿ ಮುಯ್ಯಿ ಪುಸ್ತಕಗಳಿವೆ. ಯಾರ ಮದುವೆಯಲ್ಲಿ ಯಾರು ಎಷ್ಟು ಹಾಕಿದರು ಎಂಬುದೆಲ್ಲ ಅದರಲ್ಲಿದೆ. ಹುಡುಗಿಯ ಅಜ್ಜ ಒಂದು ಕಾಲಕ್ಕೆ ಹತ್ತೂರಿನ ಮದುವೆಗೆ ಮುಯ್ಯಿ ಮಾಡಿ ಬಂದವರು. ತಿರುಗಿ ಕೊಡುವ ಸರದಿ ಈಗ ಆ ಮನೆಗಳದ್ದು. "ನೀವು ಬೇಡ ಅಂದ್ಬಿಟ್ರೆ ಅವರ ಸಾಲ ತೀರೋದು ಹೇಗೆ? ಊರಲ್ಲಿ ಅವರು ತಲೆ ಎತ್ತಿ ಓಡಾಡೋದು ಬೇಡ್ವಾ?" ಎಂದು ಅವರು ಕೇಳಿದಾಗ ಹುಡುಗ, ಎಂ.ಬಿ.ಎ. ಓದಿದವನು, ಸ್ವಲ್ಪ ಹೊತ್ತು ಸುಮ್ಮನೆ ಕೂತ. ಕಡೆಗೆ ಮುಯ್ಯಿಯ ಮೇಜು ದಣಪೆಯ ಹತ್ತಿರ, ಫೋಟೋಗೆ ಬೀಳದ ಮೂಲೆಯಲ್ಲಿ ಬಂತು.

ಇನ್ನು ಟಾರ್ಪಾಲಿನ ವಿಷಯ. ಅಲಂಕಾರಕ್ಕೆಂದು ಬೆಂಗಳೂರಿಂದ ಒಬ್ಬ ಗೆಳತಿ ಬಂದಿದ್ದಳು. ಸೋಗೆಯ ಸಂದಿಯಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಮದುಮಕ್ಕಳ ಮೇಲೆ ಬೀಳಬೇಕು ಎಂಬುದು ಅವಳ ಕಲ್ಪನೆ. ಅತಿಥಿಗಳೆಲ್ಲ ತಿಳಿ ಗುಲಾಬಿ, ತಿಳಿ ಹಸಿರು ಉಡಬೇಕೆಂದು ಮೊದಲೇ ಹೇಳಿಯಾಗಿತ್ತು. ಮಾವ ಆಕಾಶ ನೋಡಿದರು. ಭರಣಿ ಮಳೆ ಮುಗಿದು ಕೃತ್ತಿಕೆ ಶುರುವಾಗುವ ಹೊತ್ತು.

"ಬಂದೇ ಬರ್ತದೆ."

"ಮೊಬೈಲಲ್ಲಿ ಹತ್ತು ಪರ್ಸೆಂಟ್ ಅಂತಷ್ಟೇ ತೋರಿಸ್ತಿದೆ, ಮಾವ."

"ಆ ಹತ್ತು ಪರ್ಸೆಂಟ್ ಬರೋದು ನಮ್ಮ ಅಂಗಳಕ್ಕೇ."

ಶುಕ್ರವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾಲ್ಕು ಆಳು ಕಟ್ಟಿಕೊಂಡು ಸೋಗೆಯ ಮೇಲೆ ಟಾರ್ಪಾಲು ಎಳೆದರು. ದೊಡ್ಡದು ಬಾಡಿಗೆಗೆ ತಂದದ್ದು ಸಾಲದೆ ಹೋದಾಗ ತಮ್ಮ ಮನೆ ಹಿತ್ತಲಿನಿಂದಲೂ ಒಂದು ತರಿಸಿದರು. ಮಳೆಗಾಲಕ್ಕೆಂದು ಒಟ್ಟಿದ ಕಟ್ಟಿಗೆ ರಾಶಿಗೆ ಹೊದಿಸಿಟ್ಟದ್ದು ಅದು. ಎರಡೂ ನೀಲಿ. ಮಲೆನಾಡಲ್ಲಿ ಟಾರ್ಪಾಲೆಂದರೆ ನೀಲಿಯೇ.

ಶನಿವಾರ ಮಧ್ಯಾಹ್ನಕ್ಕೆ ಬರಬೇಕಾದ ಸ್ನೇಹಿತರು ಸಂಜೆಗೆ ಬಂದರು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ 60 ಕಿಲೋಮೀಟರ್, ಆದರೆ ದಾರಿಯಲ್ಲಿ ಸಕ್ರೆಬೈಲಿನ ಆನೆ ಬಿಡಾರವಿದೆ. ಆನೆಗಳ ಸ್ನಾನ ನೋಡುತ್ತ ಬೆಳಗು ಕಳೆದಿತ್ತು. ಆಮೇಲೆ ಮಂಡಗದ್ದೆಯಲ್ಲಿ ಪಕ್ಷಿಧಾಮದ ಬೋರ್ಡು ಕಂಡು ಇಳಿದು ತುಂಬ ಹೊತ್ತು ತುಂಗೆಯ ದಂಡೆಯಲ್ಲಿ ನಿಂತರಂತೆ. ಅಲ್ಲಿ ಹಕ್ಕಿಗಳು ಬಂದು ಗೂಡು ಕಟ್ಟುವುದು ಮಳೆಗಾಲಕ್ಕೆ. "ಒಂದೂ ಹಕ್ಕಿ ಇರ್ಲಿಲ್ಲ ಅಂಕಲ್, ಆದ್ರೆ ಸಖತ್ ಶಾಂತ ಇತ್ತು" ಎಂದ ಒಬ್ಬ. ಮಾವ ಅವನಿಗೆ ಬೆಲ್ಲ ನೀರು ಕೊಟ್ಟು, ತಲೆಯಿಂದ ಕಾಲಿನ ತನಕ ನೋಡಿ, ಹಲಸಿನಕಾಯಿ ಹೆಚ್ಚುವ ಗುಂಪಿಗೆ ಹಾಕಿದರು.

ಮದುವೆಯ ಹಿಂದಿನ ರಾತ್ರಿ ತರಕಾರಿ ಹೆಚ್ಚುವುದೆಂದರೆ ನಮ್ಮ ಕಡೆ ಅದೇ ಒಂದು ಉತ್ಸವ. ಕೆಳಜಗಲಿಯ ತುಂಬ ಚಾಪೆ, ಸಾಲಾಗಿ ಈಳಿಗೆಮಣೆ, ಬೂದುಗುಂಬಳ ಗುಡ್ಡೆ, ಆ ಮೂಲೆಯಲ್ಲಿ ಇಸ್ಪೀಟು. ಯಾರ ಮನೆಯ ಹುಡುಗಿ ಯಾರ ಜೊತೆ ಓಡಿಹೋದಳು ಎಂಬುದರಿಂದ ಹಿಡಿದು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಎಷ್ಟು ಸಲ ಹೊಡೆಯಬೇಕು ಎಂಬಲ್ಲಿಯ ತನಕ ಎಲ್ಲ ಹೆಚ್ಚಾಗುತ್ತದೆ. ಹಕ್ಕಿ ನೋಡದ ಹುಡುಗನಿಗೆ ಯಾರೋ ಹೇಳಿದರು, ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳೋ ಎಂದು. ಅವನು ಕೇಳಲಿಲ್ಲ. ಎಳೆ ಹಲಸಿನಕಾಯಿಯನ್ನು ಬರಿಗೈಯಲ್ಲಿ ಸೀಳಿದ, ಬೆಳ್ಳಗೆ ಒಸರಿದ ಮೇಣ ಬೆರಳ ಸಂದಿಗೆಲ್ಲ ಇಳಿಯಿತು, ಅದೇ ಕೈಯಲ್ಲಿ ಜೇಬಿನಿಂದ ಫೋನ್ ತೆಗೆದ. ಫೋನ್ ಕೈಯಿಂದ ಬಿಡಲಿಲ್ಲ. ಬೆರಳಚ್ಚು ಇಟ್ಟರೆ ಅವನನ್ನು ಅವನ ಫೋನೇ ಗುರುತಿಸಲಿಲ್ಲ. ಎಡಗೈಯಿಂದ ಬಿಡಿಸಲು ಹೋಗಿ ಎಡಗೈಯೂ ಅಂಟಿತು. ಎರಡೂ ಕೈ ಮುಗಿದ ಭಂಗಿಯಲ್ಲಿ ಅವನು ಮಾವನ ಮುಂದೆ ನಿಂತಾಗ ಮಾವ ತುಂಬ ಪ್ರಸನ್ನರಾಗಿ ಎಣ್ಣೆಗಿಂಡಿ ತೆಗೆದುಕೊಟ್ಟರು. ಅದಾದ ಮೇಲೆ ಆ ಹುಡುಗ ರಾತ್ರಿ ಎರಡರ ತನಕ ಹೆಚ್ಚಿದ. ಆಮೇಲೆ ಇಸ್ಪೀಟಿಗೆ ಕೂತು ಭಟ್ಟರ ಸಹಾಯಕನಿಂದ ಇನ್ನೂರು ರೂಪಾಯಿ ಗೆದ್ದ.

ಭಾನುವಾರ ಬೆಳಗಾಯಿತು. ಆಕಾಶದಲ್ಲಿ ಒಂದು ಎಳೆ ಮೋಡವಿಲ್ಲ. ಬಿಸಿಲು ಏರುತ್ತಿದ್ದಂತೆ ಟಾರ್ಪಾಲಿನ ಕೆಳಗೆ ಇಡೀ ಮದುವೆ ಇಡ್ಲಿ ಪಾತ್ರೆಯಾಯಿತು. ಅದನ್ನಾದರೂ ಸಹಿಸಬಹುದಿತ್ತು. ಫೋಟೋಗ್ರಾಫರ್ ಕ್ಯಾಮೆರಾದ ಪರದೆ ನೋಡಿ ತಲೆಯ ಮೇಲೆ ಕೈಯಿಟ್ಟು ಕೂತ. ಟಾರ್ಪಾಲಿನಿಂದ ಸೋಸಿ ಬಂದ ಬೆಳಕಿನಲ್ಲಿ ತಿಳಿ ಗುಲಾಬಿ ಸೀರೆಗಳು ನೇರಳೆಯಾಗಿದ್ದವು, ತಿಳಿ ಹಸಿರು ಅಂಗಿಗಳು ಕಡಲಾಗಿದ್ದವು. ಮದುಮಗನಂತೂ ಸಾಕ್ಷಾತ್ ಶ್ರೀರಾಮಚಂದ್ರನ ಬಣ್ಣ. "ಚೆನ್ನಾಗೇ ಕಾಣ್ತದಲ್ಲ," ಎಂದರು ಮಾವ. "ರಾಮ ನೀಲಿ ಇರೋದೇ. ಸೀತೆಯೂ ಒಂದು ಸಲ ಆಗ್ಲಿ ಬಿಡು."

ಮದುಮಕ್ಕಳು ಒಬ್ಬರನ್ನೊಬ್ಬರು ಮೊದಲು ನೋಡುವ ಕ್ಷಣವನ್ನು ತೋಟದ ಒಳಗೆ, ಬೇರೆಯಾಗಿ ತೆಗೆಯಬೇಕೆಂದು ಫೋಟೋಗ್ರಾಫರ್ ಬೇಡಿಕೊಂಡಾಗ ಮಾವನಿಗೆ ಸಿಟ್ಟೇ ಬಂತು. "ಮತ್ತೆ ಅಂತರಪಟ ಹಿಡಿಯೋದು ಎಂತಕ್ಕೆ ಮಾರಾಯ? ಅದು ಸರಿಸೋ ಹೊತ್ತಿಗೆ ಎದುರು ನಿಂತ್ಕೋ. ಒಂದೇ ಸಲ ಆಗೋದು, ರೆಪ್ಪೆ ಬಡೀಬೇಡ." ಅವನು ನಿಂತುಕೊಂಡ. ಅಂತರಪಟ ಸರಿಯಿತು, ಜೀರಿಗೆ ಬೆಲ್ಲ ಹಾರಿತು, ಹುಡುಗಿ ನಕ್ಕಳು. ಆ ಫೋಟೋ ನೋಡಿದ್ದೇನೆ. ನೀಲಿಯಾದರೂ ಒಳ್ಳೆಯ ಫೋಟೋ.

ನಿಜವಾದ ಮಾವನನ್ನು ನೋಡಬೇಕಾದರೆ ಪಂಕ್ತಿಯಲ್ಲಿ ನೋಡಬೇಕು. ತಾಳಿ ಕಟ್ಟುವ ಓಲಗ ಕೇಳಿದ್ದೇ ತಡ, ಅವರು ಮಂಟಪಕ್ಕೆ ಬೆನ್ನು ತಿರುಗಿಸುತ್ತಾರೆ. ಇಷ್ಟು ವರ್ಷದಲ್ಲಿ ಅವರು ಕಣ್ಣಾರೆ ಕಂಡ ಮಾಂಗಲ್ಯಧಾರಣೆ ಬಹುಶಃ ಅವರದೊಂದೇ. ಹಿಂದುಗಡೆ ಚಪ್ಪರದಲ್ಲಿ ಎಲೆ ಹಾಕಿಯಾಗಿತ್ತು. ತುದಿ ಎಡಕ್ಕೆ, ಮೊದಲು ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎರಡು ಬಗೆ, ಪಲ್ಯ, ಗೊಜ್ಜು, ಬಲಗಡೆ ಕೆಳಗೆ ಪಾಯಸ. ಜನ ಕೂತ ಮೇಲೆ ಅನ್ನ, ತೊವ್ವೆ, ತುಪ್ಪ. ಬಡಿಸುವ ಹುಡುಗರ ಸಾಲಿನ ತುದಿಯಲ್ಲಿ ಮಾವ ನಿಂತು, ಕಣ್ಣಿಂದಲೇ ನಡೆಸುತ್ತಾರೆ. ಸಾರಿನವನು ಹೊರಟು ಏಳನೇ ಎಲೆಗೆ ಬಂದಾಗ ಅನ್ನದವನು ಹೊರಡಬೇಕು. ಹುಳಿಯವನು ಅವಸರ ಮಾಡಿದರೆ ಸಾರು ಉಣ್ಣುವವರ ಮನಸ್ಸು ನೋಯುತ್ತದೆ. ಹೋಳಿಗೆ ಬಂದಾಗ ಮಾತ್ರ ಅವರೇ ತಟ್ಟೆ ಹಿಡಿದು ಇಳಿಯುತ್ತಾರೆ. ಬೇಡ ಎಂದು ಎಲೆಯ ಮೇಲೆ ಕೈ ಅಡ್ಡ ಇಟ್ಟವರ ಕೈ ಎಷ್ಟು ಎತ್ತರದಲ್ಲಿದೆ ಎಂದು ನೋಡುತ್ತಾರೆ. ಎಲೆಗೆ ತಾಗಿದ್ದರೆ ನಿಜವಾಗಿಯೂ ಬೇಡ. ನಾಲ್ಕು ಬೆರಳು ಮೇಲಿದ್ದರೆ ಒಂದು. ಅದಕ್ಕೂ ಮೇಲಿದ್ದರೆ ಕೈಯ ಕೆಳಗಿನಿಂದ ಎರಡು ತೂರಿಸಿ, ಮೇಲೆ ತುಪ್ಪ ಹೊಯ್ದು ಮುಂದಕ್ಕೆ ಹೋಗುತ್ತಾರೆ. ಈ ಲೆಕ್ಕ ತಪ್ಪಿದ್ದನ್ನು ನಾನು ಕಂಡಿಲ್ಲ, ನನ್ನ ಎಲೆಯಲ್ಲೂ.

ಎರಡನೇ ಪಂಕ್ತಿಯ ಮಧ್ಯೆ ಗಾಳಿ ಎದ್ದು ಕರೆಂಟ್ ಹೋಯಿತು. ಫ್ಯಾನು ನಿಂತಿತು, ಬೆಂಗಳೂರಿನವರು "ಓ" ಅಂದರು. ಮಾವ ಅಲ್ಲಿಂದಲೇ ಮೂರನೇ ಸಾಲಿನ ಕಡೆ ನೋಡಿದರು. ಲೈನ್‌ಮನ್ ಹೋಳಿಗೆಯ ಕಡೆಯ ತುತ್ತನ್ನು ಬಾಯಿಗಿಟ್ಟು, "ಮಜ್ಜಿಗೆ ಕುಡಿದು ಹೋಗ್ತೀನಿ ಮಾವ" ಎಂದ.

ಲೆಕ್ಕ ಹಾಕಿದಾಗ ಬಿದ್ದ ಎಲೆ 587. ಹದಿಮೂರು ಕಡಿಮೆಯಾದದ್ದಕ್ಕೆ ಮಾವ ಎರಡು ದಿನ ಮುಖ ಸಣ್ಣ ಮಾಡಿಕೊಂಡಿದ್ದರು.

ಇಷ್ಟೆಲ್ಲದರ ನಡುವೆ ಮದುಮಕ್ಕಳು ಎಲ್ಲಿದ್ದರು? ಆರಾಮಾಗಿ ಇದ್ದರು. ಅವರಿಗೆ ಯಾವ ಕೆಲಸವನ್ನೂ ಯಾರೂ ಕೊಟ್ಟಿರಲಿಲ್ಲ. ಶನಿವಾರ ತೋಟದಲ್ಲಿ ಅಡ್ಡಾಡಿದರು. ಒಣ ಹಳ್ಳದ ಕಲ್ಲಿನ ಮೇಲೆ ಕಾಲಿಟ್ಟು ಕೂತರು. ಮುರುಗಲು ಹಣ್ಣಿನ ಶರಬತ್ತು ಕೇಳದೆಯೇ ಬರುತ್ತಿತ್ತು. ಊಟವಾದ ಮೇಲೆ ಹೊರಗೆ 500 ಜನ ಎಲೆಯಡಿಕೆ ಹಾಕಿಕೊಂಡು ಹೊರಡುತ್ತಿರುವಾಗ ಅವರು ಮೆತ್ತಿನ ಕೋಣೆಯಲ್ಲಿ ನಿದ್ದೆ ಹೊಡೆಯುತ್ತಿದ್ದರು. ಹುಡುಗಿ ಎದ್ದು, ಫೋನ್ ಸಿಗ್ನಲ್ ಸಿಗುವ ಏಕೈಕ ಜಾಗವಾದ ಧರೆಯ ಮೇಲಿನ ಹಲಸಿನ ಮರದಡಿ ಹೋಗಿ, ಹಳ್ಳಿಯ ಜೀವನ ಎಷ್ಟು ನಿಧಾನ, ಇಲ್ಲಿ ಎಲ್ಲವೂ ತನ್ನಷ್ಟಕ್ಕೆ ತಾನೇ ನಡೆಯುತ್ತದೆ ಎಂದು ಫೋಟೋ ಸಮೇತ ಬರೆದು ಹಾಕಿದಳು. ಆ ಫೋಟೋದ ಹಿನ್ನೆಲೆಯಲ್ಲಿ ಸ್ವಲ್ಪ ಮಸುಕಾಗಿ, ಎರಡು ಕೊಪ್ಪರಿಗೆಯನ್ನು ಒಬ್ಬರೇ ಹೊತ್ತುಕೊಂಡು ಓಡುತ್ತಿರುವ ಒಬ್ಬ ಮುದುಕರಿದ್ದಾರೆ. ಮೆಚ್ಚಿದವರಲ್ಲಿ ಕೆಲವರು ಅವರನ್ನೂ ಅಲಂಕಾರವೆಂದೇ ತಿಳಿದರು.

ಭಾನುವಾರ ರಾತ್ರಿ ಬೆಂಗಳೂರಿನ ಗಾಡಿಗಳೆಲ್ಲ ಹೊರಟವು. ಹಲಸಿನ ಹುಡುಗ ಮಾವನ ಕಾಲಿಗೆ ಬಿದ್ದು, ತನ್ನ ಮದುವೆಯೂ ನೀವೇ ಮಾಡಿಸಬೇಕು ಅಂದ. "ಹುಡುಗಿ ಯಾರು?" ಎಂದು ಮಾವ ಕೇಳಲಿಲ್ಲ. ಕೇಳಿದ್ದು ನಿಮಗೆ ಗೊತ್ತೇ ಇದೆ.

ಸೋಮವಾರ ಮಾವ ಐದು ಮನೆಗೆ ಪಾತ್ರೆ ಎಣಿಸಿ ಮುಟ್ಟಿಸಿದರು, ಟಾರ್ಪಾಲು ಬಿಚ್ಚಿಸಿ ಮಡಿಸಿದರು, ಮುಂದಿನ ಮದುವೆಯ ಮನೆಗೆ ಹೊರಟರು. ಸಂಜೆ ನಾಲ್ಕಕ್ಕೆ ಆಗುಂಬೆಯ ದಿಕ್ಕಿನಿಂದ ಕಪ್ಪೇರಿ, ಗುಡುಗಿ, ಕೃತ್ತಿಕೆ ಮಳೆ ಒಂದು ಗಂಟೆ ಸುರಿಯಿತು. ಬೆಂಗಳೂರಿನಲ್ಲಿ ಮೀಟಿಂಗ್‌ನಲ್ಲಿದ್ದ ಹುಡುಗಿಯ ಫೋನಿಗೆ ಎಲ್ಲಿಂದಲೋ ಕರೆ ಬಂತು. ಮಾವ ಏನೂ ಮಾತಾಡಲಿಲ್ಲ, ಫೋನನ್ನು ಮಳೆಯ ಕಡೆ ಹಿಡಿದು ತುಂಬ ಹೊತ್ತು ಕೇಳಿಸಿದರು. ಆಮೇಲೆ, "ಕೇಳ್ತಾ? ನಾ ಹೇಳಿರ್ಲಿಲ್ವಾ?" ಎಂದು ಇಟ್ಟರು.

ಎರಡು ನಿಮಿಷಕ್ಕೆ ಇನ್ನೊಂದು ಕರೆ. ಈ ಸಲ ಅತ್ತೆ.

"ಮಗಾ, ಮದುವೆ ಎಲ್ಲ ಚೆನ್ನಾಗಾಯ್ತಲ್ಲ? ಸಂತೋಷ. ನಿಮ್ಮ ಮಾವ ಈಗ ಯಾರ ಮನೆ ಅಂಗಳದಲ್ಲಿದ್ದಾರೆ ಅಂತ ನಿಂಗೇನಾದ್ರೂ ಗೊತ್ತಾ? ನಮ್ಮನೆ ಕಟ್ಟಿಗೆ ರಾಶಿ ಪೂರ್ತಿ ನೆಂದು ಹೋಯ್ತು. ಅದರ ಮೇಲಿದ್ದ ಟಾರ್ಪಾಲ್ ಎಲ್ಲಿ ಅಂತ ಕೇಳ್ಬೇಕಿತ್ತು."